ಬೋಟು ಒಂದು, ಕಾಗದ ಮೂರು: ಟೆಕ್ಸಾಸ್‌ನಲ್ಲಿ ಹಳೆಯ ಮೋಟಾರ್ ಬೋಟನ್ನು ನಾವೇ ಮಾರುವುದು

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಒಂದು ಪಿಕಪ್ ಬಂದು ನಿಂತಿತು. ನಾವಿರುವುದು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ. ಇಳಿದವರು ಅರವತ್ತು ದಾಟಿದ ಒಬ್ಬ ಟೆಕ್ಸಾಸ್ ಮನುಷ್ಯ. ಕೈಯಲ್ಲಿ ಟಾರ್ಚ್, ಜೇಬಿನಲ್ಲಿ ಬ್ಯಾಂಕಿನ ಲಕೋಟೆ. ಬೋಟಿನ ಸುತ್ತ ಎರಡು ಸಲ ಓಡಾಡಿದರು. ಸೀಟು ಒತ್ತಿ ನೋಡಿದರು. ಒಳಗೆ ಹತ್ತಿ ನೆಲದ ಮೇಲೆ ಹಿಮ್ಮಡಿ ಊರಿ ನೋಡಿದರು. ಎಲ್ಲವೂ ಹಿಡಿಸಿದ ಹಾಗೆ ಕಂಡಿತು. ಆಮೇಲೆ ಹಿಂದೆ ಹೋಗಿ ಮಂಡಿಯೂರಿ, ಮೋಟಾರಿನ ಬ್ರ್ಯಾಕೆಟ್ ಮೇಲಿದ್ದ ಸಣ್ಣ ಪಟ್ಟಿಗೆ ಟಾರ್ಚ್ ಹಿಡಿದು ಒಂದೊಂದೇ ಅಂಕಿ ಓದಿದರು.

"ಇದರ ಟೈಟಲ್ ಕೊಡಿ" ಅಂದರು. ನಾನು ಬೋಟಿನ ಟೈಟಲ್, ಅಂದರೆ ಅದರ ಒಡೆತನದ ಸರ್ಕಾರಿ ಪತ್ರ, ಚಾಚಿದೆ. ಅವರು ತಲೆ ಅಲ್ಲಾಡಿಸಿದರು. "ಇದು ಬೋಟಿನದು. ಮೋಟಾರಿನದು ಬೇರೆ ಇರುತ್ತೆ."

ಅದು ನನ್ನ ಹತ್ತಿರ ಇರಲಿಲ್ಲ. ಆ ಬೋಟನ್ನು ನನಗೆ ಮಾರಿದವರು ಕೊಟ್ಟಿರಲಿಲ್ಲ, ನನಗೆ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಆ ಮೋಟಾರು ಇನ್ನೂ ಅವರ ಹೆಸರಿನಲ್ಲೇ ಇತ್ತು. ಬಂದವರು ಲಕೋಟೆಯನ್ನು ಜೇಬಿನಿಂದ ತೆಗೆಯದೆ ವಾಪಸ್ ಹೋದರು. ಹಳೆಯ ಮಾಲೀಕರನ್ನು ಹುಡುಕಿ, ಟೈಟಲ್‌ನ ನಕಲು ತೆಗೆಸಿ, ಸಹಿ ಹಾಕಿಸಿ, ನನ್ನ ಹೆಸರಿಗೆ ಮಾಡಿಸಿಕೊಳ್ಳುವಷ್ಟರಲ್ಲಿ ಏಳು ವಾರ ಕಳೆಯಿತು. ನಮ್ಮ ಕನ್ನಡದವರೇ ಎಷ್ಟೋ ಜನ ಇಲ್ಲಿ ಬೋಟು ಕೊಂಡು, ನಾಲ್ಕೈದು ಬೇಸಿಗೆ ಓಡಿಸಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಮಾರಲು ಹೊರಡುತ್ತಾರೆ. ಅವರಿಗೆ ಆ ಏಳು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನೀವು ಮಾರುತ್ತಿರುವುದು ಮೂರು ವಸ್ತು

ಕಾರಿಗಾದರೆ ಒಂದು ಟೈಟಲ್. ಎಂಜಿನ್ನು, ಚಕ್ರ, ಬಾಡಿ ಎಲ್ಲ ಅದರಲ್ಲೇ ಬಂತು. ಟೆಕ್ಸಾಸ್‌ನಲ್ಲಿ ಔಟ್‌ಬೋರ್ಡ್ ಬೋಟು ಹಾಗಲ್ಲ. ಔಟ್‌ಬೋರ್ಡ್ ಅಂದರೆ ಬೋಟಿನ ಹಿಂಬದಿಯ ಗೋಡೆಗೆ ಹೊರಗಿನಿಂದ ನೇತು ಹಾಕಿರುವ ಮೋಟಾರು. ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತೆ, ಇನ್ನೊಂದು ಬೋಟಿಗೆ ಕೂರುತ್ತೆ. ಕಳ್ಳರಿಗೂ ಅದು ಸುಲಭದ ಮಾಲು. ಅದಕ್ಕೇ ಈ ರಾಜ್ಯದಲ್ಲಿ ಬೋಟಿಗೆ ಒಂದು ಟೈಟಲ್, ಔಟ್‌ಬೋರ್ಡ್ ಮೋಟಾರಿಗೆ ಇನ್ನೊಂದು. ಎರಡನ್ನೂ ಕೊಡುವುದು ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ. ಎಂಜಿನ್ನು ಬೋಟಿನ ಒಳಗೇ ಕೂತಿದ್ದರೆ, ಅಂದರೆ ಇನ್‌ಬೋರ್ಡ್ ಅಥವಾ ಸ್ಟರ್ನ್‌ಡ್ರೈವ್ ಆದರೆ, ಅದಕ್ಕೆ ಬೇರೆ ಟೈಟಲ್ ಇಲ್ಲ.

ಮೂರನೆಯದು ಟ್ರೇಲರ್. ಅದು ರಸ್ತೆಯಲ್ಲಿ ಓಡುವ ವಸ್ತು, ಹಾಗಾಗಿ ಬೋಟಿನ ಇಲಾಖೆಗೆ ಸೇರುವುದಿಲ್ಲ. ಕಾರು ನೋಡಿಕೊಳ್ಳುವ ಮೋಟಾರ್ ವೆಹಿಕಲ್ಸ್ ಇಲಾಖೆಯದು, ಕೆಲಸ ನಡೆಯುವುದು ಕೌಂಟಿಯ, ಅಂದರೆ ಜಿಲ್ಲೆಯ, ಟ್ಯಾಕ್ಸ್ ಕಚೇರಿಯಲ್ಲಿ. ಟ್ರೇಲರ್ ಮತ್ತು ಅದರ ಮೇಲಿನ ಹೊರೆ ಸೇರಿ 4,000 ಪೌಂಡ್ ದಾಟಿದರೆ ಟೈಟಲ್ ಇರಲೇಬೇಕು. ಹತ್ತೊಂಬತ್ತು ಇಪ್ಪತ್ತು ಅಡಿಯ ಬೋಟು, ಮೋಟಾರು, ಟ್ಯಾಂಕಿನ ಪೆಟ್ರೋಲು ಎಲ್ಲ ಸೇರಿದರೆ ಆ ಗೆರೆ ದಾಟೋದು ಕಷ್ಟವೇನಲ್ಲ.

ಜಾಹೀರಾತು ಹಾಕುವ ಮೊದಲು ಈ ಮೂರೂ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಳ್ಳಿ. ಆಮೇಲೆ ಹೊರಗೆ ಹೋಗಿ ನಂಬರುಗಳನ್ನು ಕಣ್ಣಾರೆ ಓದಿ ತಾಳೆ ನೋಡಿ. ಒಂದು ಅಕ್ಷರ ತಪ್ಪಿದ್ದರೂ ಕೌಂಟರಿನಲ್ಲಿ ನಿಂತುಹೋಗುತ್ತೆ.

ಬೋಟಿನ ನಂಬರ್ ಹುಡುಕೋದು ಹೀಗೆ. ಬೋಟಿನ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಅದರ ಬಲ ಮೂಲೆಯಲ್ಲಿ, ಮೇಲಂಚಿನ ಹತ್ತಿರ, ಹನ್ನೆರಡು ಅಕ್ಷರ ಅಂಕಿಗಳ ಸಾಲು ಇರುತ್ತೆ. ಇದೇ ಹಲ್ ನಂಬರ್. 1972ರ ನವೆಂಬರ್ 1ರಿಂದ ಈಚೆಗೆ ತಯಾರಾದ ಬೋಟುಗಳಿಗೆಲ್ಲ ಇದು ಕಡ್ಡಾಯ. ಮೊದಲ ಮೂರು ಅಕ್ಷರ ತಯಾರಕರ ಗುರುತು. ನಂತರದ ಐದು ಅವರ ಸರಣಿ ಸಂಖ್ಯೆ. ಕೊನೆಯ ನಾಲ್ಕರಲ್ಲಿ ಬೋಟಿನ ವಯಸ್ಸು ಬರೆದಿರುತ್ತೆ. ಅಲ್ಲಿ ಎಚ್516 ಅಂತ ಇದೆ ಅಂದುಕೊಳ್ಳಿ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹಾಗೇ ಎಣಿಸುತ್ತಾ ಹೋದರೆ ಎಚ್ ಆಗಸ್ಟ್. 5 ಅಂದರೆ 2015. ಕೊನೆಯ 16 ಅಂದರೆ ಮಾಡೆಲ್ 2016. ಬೋಟು ತಯಾರಾದದ್ದು 2015ರ ಆಗಸ್ಟ್‌ನಲ್ಲಿ, ಮಾರುಕಟ್ಟೆಗೆ ಬಂದದ್ದು 2016ರ ಮಾಡೆಲ್ ಆಗಿ. 1984ರ ಆಗಸ್ಟ್‌ನಿಂದ ಈಚಿನ ಬೋಟುಗಳಿಗೆ ಈ ಲೆಕ್ಕ. ಅದೇ ನಂಬರನ್ನು ಬೋಟಿನ ಒಳಗೆ ಎಲ್ಲೋ ಒಂದು ಕಡೆ ಕಾಣದ ಹಾಗೆ ಇನ್ನೊಮ್ಮೆ ಹಾಕಿರುತ್ತಾರೆ. ಕದ್ದವರು ಹೊರಗಿನದನ್ನು ಕೆರೆದು ಹಾಕಿದರೂ ಒಳಗಿನದು ಸಿಕ್ಕಿಬೀಳಲಿ ಅಂತ.

ನಮ್ಮ ಊರ ಕಡೆ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರಲ್ಲ, ಇಲ್ಲಿ ಆ ಕೆಲಸ ಮಾಡುವುದು ಈ ಕೊನೆಯ ನಾಲ್ಕು ಅಕ್ಷರ. ತಿಳಿದ ಗಿರಾಕಿ ಇದನ್ನು ಓದದೆ ಬೆಲೆ ಮಾತಾಡುವುದಿಲ್ಲ.

ಇನ್ನು ಬೋಟಿನ ಮೂತಿಯ ಎರಡೂ ಬದಿ ದೊಡ್ಡದಾಗಿ ಟಿಎಕ್ಸ್ ಅಂತ ಶುರುವಾಗುವ ನಂಬರ್ ಇರುತ್ತೆ. ಅದು ನೋಂದಣಿ ನಂಬರ್. ಅದು ಬೋಟಿನ ಜೊತೆಗೇ ಹೋಗುತ್ತೆ, ಕಿತ್ತು ತೆಗೆಯಬೇಡಿ.

ಸಾಲ ಇದ್ದರೆ ಟೈಟಲ್ ಮೇಲೆ ಸಾಲ ಕೊಟ್ಟವರ ಹೆಸರು ಇರುತ್ತೆ. ಸಾಲ ತೀರಿಸಿ ವರ್ಷವಾದರೂ ಆ ಹೆಸರನ್ನು ತೆಗೆಸದೆ ಬಿಟ್ಟವರಿದ್ದಾರೆ. ಬ್ಯಾಂಕಿನಿಂದ ಬಿಡುಗಡೆ ಪತ್ರ ತರಿಸಿಕೊಂಡು ಶುದ್ಧವಾದ ಟೈಟಲ್ ಮಾಡಿಸಿ. ಬೋಟು ಮತ್ತು ಮೋಟಾರು ಯಾರ ಹೆಸರಲ್ಲಿವೆ, ಸಾಲ ಇದೆಯಾ ಅಂತ ಇಲಾಖೆಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು. ಕೊಳ್ಳುವವರು ನೋಡೇ ನೋಡುತ್ತಾರೆ, ನೀವು ಅವರಿಗಿಂತ ಮೊದಲು ನೋಡಿರಿ. ಟೈಟಲ್‌ನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಇಬ್ಬರ ಸಹಿಯೂ ಬೇಕಾಗಬಹುದು. ಒಬ್ಬರು ರಜಕ್ಕೆ ಬೆಂಗಳೂರಿಗೆ ಹೋಗಿದ್ದರೆ ವ್ಯಾಪಾರ ಅವರು ಬರುವ ತನಕ ಕಾಯಬೇಕು.

ಬೇರೆ ರಾಜ್ಯದಲ್ಲಿರುವವರಿಗೆ ಒಂದು ಮಾತು. ಈ ಮೂರು ಕಾಗದದ ಲೆಕ್ಕ ಟೆಕ್ಸಾಸ್‌ನದು. ಹೆಚ್ಚಿನ ರಾಜ್ಯಗಳಲ್ಲಿ ಮೋಟಾರಿಗೆ ಬೇರೆ ಟೈಟಲ್ ಇಲ್ಲ. ಕೆಲವು ಕಡೆ ಬೋಟಿಗೇ ಟೈಟಲ್ ಇಲ್ಲ, ನೋಂದಣಿ ಚೀಟಿ ಮತ್ತು ಬಿಲ್ ಆಫ್ ಸೇಲ್ (ಮಾರಾಟದ ಪತ್ರ) ಎರಡೇ ಆಧಾರ. ಸಮುದ್ರಕ್ಕೆ ಇಳಿಯುವ ದೊಡ್ಡ ಬೋಟು, ಐದು ನೆಟ್ ಟನ್ ಅಥವಾ ಅದಕ್ಕಿಂತ ಹೆಚ್ಚಿನದು, ಕೋಸ್ಟ್ ಗಾರ್ಡ್ ದಾಖಲೆಯಲ್ಲಿ ಇರಬಹುದು. ಹಾಗಿದ್ದರೆ ಆ ವ್ಯವಹಾರವೆಲ್ಲ ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್‌ನಲ್ಲಿರುವ ರಾಷ್ಟ್ರೀಯ ದಾಖಲೆ ಕೇಂದ್ರದ ಮೂಲಕ. ಕೆರೆಯಲ್ಲಿ ಓಡಿಸುವ ನಮ್ಮಂಥವರ ಬೋಟಿಗೆ ಅದು ಬರುವುದಿಲ್ಲ.

ಯಾವಾಗ, ಎಷ್ಟಕ್ಕೆ

ಟೆಕ್ಸಾಸ್‌ನಲ್ಲಿ ಬೋಟು ಕೊಳ್ಳುವ ಆಸೆ ಹುಟ್ಟುವುದು ಫೆಬ್ರವರಿ ಕೊನೆಯಿಂದ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಗೆ ನೀರಿಗಿಳಿಯಬೇಕು ಅನ್ನೋ ಅವಸರ ಎಲ್ಲರಿಗೂ. ಜುಲೈ ಕಳೆದ ಮೇಲೆ ಫೋನುಗಳು ಕಡಿಮೆ. ಸೆಪ್ಟೆಂಬರ್ ಮೇಲೆ ಬರುವವರು ಬೆಲೆ ಇಳಿಸಿ ಕೇಳಲೆಂದೇ ಬರುತ್ತಾರೆ.

ಆದರೆ ಆಸ್ಟಿನ್ ಸುತ್ತಮುತ್ತ ಕ್ಯಾಲೆಂಡರಿಗಿಂತ ದೊಡ್ಡ ವಿಷಯ ಇನ್ನೊಂದಿದೆ, ಕೆರೆಯ ನೀರಿನ ಮಟ್ಟ. ಲೇಕ್ ಟ್ರಾವಿಸ್ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿಂದೆ ನಿಂತ ನೀರು. ನಮ್ಮ ಕೆಆರ್‌ಎಸ್ ಇದ್ದ ಹಾಗೆ, ಮಳೆ ಬಂದರೆ ತುಂಬುತ್ತೆ, ಬರ ಬಂದರೆ ತಳ ಕಾಣುತ್ತೆ. ಸಮುದ್ರ ಮಟ್ಟದಿಂದ 681 ಅಡಿ ಬಂದರೆ ತುಂಬಿದ ಹಾಗೆ. 2023ರ ಬರದಲ್ಲಿ ಅಲ್ಲಿನ ಹೆಚ್ಚಿನ ಸಾರ್ವಜನಿಕ ರ‍್ಯಾಂಪ್‌ಗಳು ಮುಚ್ಚಿದ್ದವು. ಬೋಟು ಇಳಿಸಲು ಜಾಗವೇ ಇಲ್ಲ ಅಂದ ಮೇಲೆ ಬೋಟು ಯಾರು ಕೊಳ್ಳುತ್ತಾರೆ? ಅಂಥ ವರ್ಷ ಮಾರಲೇಬೇಕಾದರೆ ಜಾಹೀರಾತನ್ನು ಡಾಲಸ್, ಹ್ಯೂಸ್ಟನ್ ಕಡೆಗೂ ಹಾಕಿ. ಓಡಿಸಿ ತೋರಿಸಲು ಲೇಕ್ ಆಸ್ಟಿನ್ ಅಥವಾ ಲೇಕ್ ಎಲ್‌ಬಿಜೆ ನೋಡಿ. ಅವೆರಡರ ಮಟ್ಟ ಸಾಮಾನ್ಯವಾಗಿ ಒಂದೇ ಸಮ ಇರುತ್ತೆ.

ಬೆಲೆ ಕಟ್ಟುವಾಗ ನಾವು ಎಷ್ಟು ಕೊಟ್ಟಿದ್ದೆವು ಅನ್ನೋದನ್ನು ಮರೆಯಬೇಕು. ಕಷ್ಟದ ಮಾತು, ಆದರೆ ಕೊಳ್ಳುವವರಿಗೆ ಅದು ಬೇಡ. ಜೆ.ಡಿ. ಪವರ್ ಸೈಟಿನಲ್ಲಿ ಮಾಡೆಲ್, ವರ್ಷ, ಮೋಟಾರು ಹಾಕಿದರೆ ಒಂದು ಅಂದಾಜು ಬರುತ್ತೆ. ಬೋಟ್ ಟ್ರೇಡರ್‌ನಲ್ಲಿ ಅದೇ ಮಾಡೆಲ್ ಯಾರು ಎಷ್ಟಕ್ಕೆ ಇಟ್ಟಿದ್ದಾರೆ ನೋಡಿ. ಅದು ಕೇಳುವ ಬೆಲೆ, ಕೈಗೆ ಬಂದ ಬೆಲೆಯಲ್ಲ. ಹತ್ತು ಜಾಹೀರಾತುಗಳನ್ನು ಗುರುತು ಹಾಕಿಟ್ಟುಕೊಂಡು ಮೂರು ವಾರ ಗಮನಿಸಿ. ಬೇಗ ಮಾಯವಾದವುಗಳ ಬೆಲೆ ನಿಜಕ್ಕೆ ಹತ್ತಿರ. ಅಲ್ಲೇ ಕೂತಿರುವವುಗಳ ಬೆಲೆ ಜಾಸ್ತಿ ಅಂತ ಅರ್ಥ.

ದೊಡ್ಡ ಬೋಟುಗಳನ್ನು ಬ್ರೋಕರ್‌ಗಳು ಸಾಮಾನ್ಯವಾಗಿ ಶೇ. 10ರ ಕಮಿಷನ್ನಿಗೆ ಮಾರಿಕೊಡುತ್ತಾರೆ. ಮೂವತ್ತು ಅಡಿಯ ಬೋಟಿಗೆ ಅದು ಸರಿ. ಟ್ರೇಲರ್ ಮೇಲೆ ಕೂರುವ ಸಣ್ಣ ಬೋಟಿಗೆ ಬೇಡ ಅಂತ ನನ್ನ ಅಭಿಪ್ರಾಯ. ಕೆಲಸವೇನೋ ಇದೆ, ಆದರೆ ನಾವೇ ಮಾಡಬಹುದಾದ ಕೆಲಸ.

ಗಿರಾಕಿ ನೋಡುವುದನ್ನು ನೀವೇ ಮೊದಲು ನೋಡಿ

ಬೋಟು ತೊಳೆದು ಮೇಣ ಉಜ್ಜಿ ಹೊಳೆಯಿಸಿದರೆ ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ. ತಿಳಿದವರು ನೋಡುವ ಜಾಗಗಳೇ ಬೇರೆ.

ಮೊದಲನೆಯದು ಗೇರ್ ಆಯಿಲ್. ಔಟ್‌ಬೋರ್ಡಿನ ಕೆಳಭಾಗದಲ್ಲಿ, ಪ್ರೊಪೆಲ್ಲರ್ ಇರುವ ಕಡೆ, ತಳದಲ್ಲಿ ಒಂದು ಸ್ಕ್ರೂ ಇದೆ. ಅದನ್ನು ಸ್ವಲ್ಪ ಸಡಿಲಿಸಿ ಒಂದು ಚಮಚದಷ್ಟು ಎಣ್ಣೆ ಬಿಳಿ ಲೋಟಕ್ಕೆ ಬೀಳಲಿ. ಎಣ್ಣೆ ತಿಳಿಯಾಗಿದ್ದರೆ ಒಳ್ಳೆಯದು. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಸೀಲ್ ಹೋಗಿ ಒಳಗೆ ನೀರು ಸೇರಿದೆ. ಸೀಲ್ ಹಾಕಿಸುವುದು ದೊಡ್ಡ ಖರ್ಚಲ್ಲ. ಹಾಗೇ ಬಿಟ್ಟರೆ ಗೇರು ತುಕ್ಕು ಹಿಡಿದು ಇಡೀ ಕೆಳಭಾಗವೇ ಹೋಗುತ್ತೆ. ಆ ಕಾಫಿ ಬಣ್ಣ ಕಂಡ ಗಿರಾಕಿ ಬೆಲೆ ಮಾತಾಡದೆ ಹೊರಟುಬಿಡುತ್ತಾರೆ. ಅದಕ್ಕೇ ಮೊದಲೇ ನೋಡಿ, ಮೊದಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಎರಡನೆಯದು ಟ್ರಾನ್ಸಮ್ ಮತ್ತು ನೆಲ. ಹಳೆಯ ಫೈಬರ್ ಬೋಟುಗಳಲ್ಲಿ ಫೈಬರಿನ ಒಳಗೆ ಮರ ಇರುತ್ತೆ. ಯಾವುದೋ ಸ್ಕ್ರೂ ತೂತಿನಿಂದ ನೀರು ಇಳಿದರೆ ಆ ಮರ ಒಳಗೊಳಗೇ ಕೊಳೆಯುತ್ತೆ, ಹೊರಗೆ ಏನೂ ಕಾಣಲ್ಲ. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೀವಲ್ಲ, ಹಾಗೇ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಡಿಗಡಿಗೆ ತಟ್ಟುತ್ತಾ ಬನ್ನಿ. ಟಣ್ ಅಂದರೆ ಗಟ್ಟಿ. ದಬ್ ಅಂದರೆ ಅಲ್ಲಿ ಸಂಶಯ. ಇನ್ನೊಂದು ಪರೀಕ್ಷೆ: ಮೋಟಾರನ್ನು ಮೇಲಕ್ಕೆ ಓರೆ ಮಾಡಿ, ಅದರ ತುದಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಟ್ರಾನ್ಸಮ್ ಕೂಡ ಬಾಗಿದರೆ ಒಳಗಿನ ಮರ ಹೋಗಿದೆ.

ಹೀಗೇನಾದರೂ ಸಿಕ್ಕರೆ ಮುಚ್ಚಿಡಬೇಡಿ. ಇದು ನನಗೆ ತುಂಬ ಮುಖ್ಯವಾದ ಮಾತು. ಕಾರು ಕೆಟ್ಟರೆ ರಸ್ತೆ ಬದಿಗೆ ನಿಲ್ಲುತ್ತೆ. ಬೋಟು ಕೆರೆಯ ನಡುವೆ ಕೆಡುತ್ತೆ. ಅದರಲ್ಲಿ ಇನ್ನೊಬ್ಬರ ಮಕ್ಕಳು ಕೂತಿರುತ್ತಾರೆ, ಎಷ್ಟೋ ಸಲ ಈಜು ಬಾರದವರು. ಕೊಳೆತ ಟ್ರಾನ್ಸಮ್ ಮೇಲೆ ಹೊಸ ಬಣ್ಣ ಬಳಿದು ಮಾರುವುದು ವ್ಯಾಪಾರವೇ ಅಲ್ಲ. ಕಾನೂನಿನ ಕಡೆಯಿಂದಲೂ ಹಾಗೇ. ಬಿಲ್ಲಿನಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಿದೆ" ಅಂತ ಬರೆದರೆ ಆಮೇಲೆ ಕೆಟ್ಟದ್ದಕ್ಕೆ ನೀವು ಹೊಣೆಯಲ್ಲ. ಆದರೆ ಗೊತ್ತಿದ್ದೂ ಸುಳ್ಳು ಹೇಳಿದ್ದಕ್ಕೆ ಆ ಸಾಲು ರಕ್ಷಣೆ ಕೊಡುವುದಿಲ್ಲ.

ಮೂರನೆಯದು ಮೋಟಾರಿನ ಜಾತಕ. ಈಚಿನ ಮೋಟಾರುಗಳಿಗೆ ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿದರೆ ಒಟ್ಟು ಎಷ್ಟು ಗಂಟೆ ಓಡಿದೆ, ಯಾವ ವೇಗದಲ್ಲಿ ಎಷ್ಟು ಹೊತ್ತು ಓಡಿದೆ ಎಲ್ಲ ಬರುತ್ತೆ. ಅದರ ಪ್ರಿಂಟ್ ತೆಗೆಸಿ. ಜೊತೆಗೆ ಸಿಲಿಂಡರ್‌ಗಳ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಲ್ಲ ಸಿಲಿಂಡರ್‌ಗಳ ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. ವ್ಯತ್ಯಾಸ ಶೇಕಡಾ ಹತ್ತು ದಾಟಿದರೆ ಮೆಕ್ಯಾನಿಕ್‌ಗಳು ಹುಬ್ಬು ಏರಿಸುತ್ತಾರೆ. ಈ ಎರಡು ಹಾಳೆ ಕೈಯಲ್ಲಿದ್ದರೆ ಅರ್ಧ ಚೌಕಾಸಿ ಅಲ್ಲೇ ನಿಲ್ಲುತ್ತೆ.

ಟ್ರೇಲರ್ ಟೈರುಗಳು ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಹಳೆಯದಾಗಿದ್ದರೆ ಹೊಸದು ಹಾಕಿಸಿಬಿಡಿ. ಕೊಳ್ಳುವವರು ಅದೇ ಟೈರಿನ ಮೇಲೆ ಇನ್ನೂರು ಮೈಲಿ ಎಳೆದುಕೊಂಡು ಹೋಗಬೇಕಲ್ವಾ.

ಬೋಟಿನ ಜೊತೆ ಹೋಗುವ ಸಾಮಾನುಗಳನ್ನೂ ಒಮ್ಮೆ ನೋಡಿ. ಬೆಂಕಿ ಆರಿಸುವ ಸಿಲಿಂಡರಿನ ತಳದಲ್ಲಿ ತಯಾರಾದ ವರ್ಷ ಇರುತ್ತೆ. ಬಳಸಿ ಬಿಸಾಡುವ ಜಾತಿಯದು ಹನ್ನೆರಡು ವರ್ಷದ ಮೇಲೆ ಲೆಕ್ಕಕ್ಕಿಲ್ಲ ಅಂತ ಕೋಸ್ಟ್ ಗಾರ್ಡ್ 2022ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಇಪ್ಪತ್ತು ಅಡಿಗಿಂತ ಚಿಕ್ಕ ಬೋಟಿನಲ್ಲಿ ಎಷ್ಟು ಜನ, ಎಷ್ಟು ತೂಕ ಅಂತ ಹೇಳುವ ಫಲಕ ಇರಬೇಕು. ಅದರ ಫೋಟೋ ಜಾಹೀರಾತಿಗೆ ಹಾಕಿ. ಏಳು ಜನರ ಫಲಕದ ಬೋಟನ್ನು ಹತ್ತು ಜನರ ಸಂಸಾರಕ್ಕೆ ಮಾರಬೇಡಿ.

ಜಾಹೀರಾತು ಮತ್ತು ಸುಳ್ಳು ಗಿರಾಕಿಗಳು

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್, ಬೋಟ್ ಟ್ರೇಡರ್, ಎಲ್ಲಿ ಬೇಕಾದರೂ ಹಾಕಿ. ಫೋಟೋಗಳಲ್ಲಿ ಹಲ್ ನಂಬರ್ ಮತ್ತು ಟಿಎಕ್ಸ್ ನಂಬರ್ ಮುಚ್ಚಿರಿ. ನಿಮ್ಮದೇ ಫೋಟೋ, ನಿಮ್ಮದೇ ನಂಬರ್ ಕದ್ದು ಅರ್ಧ ಬೆಲೆಗೆ ಇನ್ನೊಂದು ಜಾಹೀರಾತು ಹಾಕಿ ಯಾರನ್ನೋ ಮೋಸ ಮಾಡುವವರಿದ್ದಾರೆ. ನಂಬರನ್ನು ಫೋನಿನಲ್ಲಿ ಮಾತಾಡಿ ನಂಬಿಕೆ ಬಂದವರಿಗೆ ಕೊಡಿ. ಗೀರು, ಹರಿದ ಸೀಟು, ಸವೆದ ಪ್ರೊಪೆಲ್ಲರ್, ಇವುಗಳ ಫೋಟೋ ಹತ್ತಿರದಿಂದ ತೆಗೆದು ಹಾಕಿ. ನಾಲ್ಕು ಗಂಟೆ ಡ್ರೈವ್ ಮಾಡಿ ಬಂದವರು ಮನೆ ಮುಂದೆ ನಿಂತು ಮುಖ ಸಿಂಡರಿಸುವುದಕ್ಕಿಂತ ಅದು ವಾಸಿ.

ಹಾಕಿದ ಒಂದೇ ಗಂಟೆಯಲ್ಲಿ ಮೆಸೇಜುಗಳು ಬರುತ್ತವೆ. ಕೆಲವು ಒಂದೇ ಅಚ್ಚಿನವು. "ನೋಡುವುದೇ ಬೇಡ, ನನಗೆ ಬೋಟು ಬೇಕು. ಚೆಕ್ ಕಳಿಸುತ್ತೇನೆ. ಸಾಗಿಸುವವರು ಬರುತ್ತಾರೆ, ಅವರ ಬಾಡಿಗೆಯನ್ನೂ ಸೇರಿಸಿ ಚೆಕ್ಕಿನಲ್ಲಿ ಬರೆದಿದ್ದೇನೆ, ನೀವು ಅವರಿಗೆ ಕೊಟ್ಟುಬಿಡಿ." ಆ ಚೆಕ್ಕು ನಕಲಿ. ಬ್ಯಾಂಕಿಗೆ ಹಾಕಿದರೆ ಒಂದೆರಡು ದಿನದಲ್ಲಿ ಖಾತೆಯಲ್ಲಿ ದುಡ್ಡು ಕಾಣಿಸುತ್ತೆ, ಯಾಕೆಂದರೆ ಚೆಕ್ ನಿಜವೋ ಅಲ್ಲವೋ ತಿಳಿಯುವ ಮೊದಲೇ ಬ್ಯಾಂಕು ಹಣ ಬಿಡಬೇಕಾಗುತ್ತೆ. ವಾರಗಳಾದ ಮೇಲೆ ಚೆಕ್ ವಾಪಸ್ ಬರುತ್ತೆ. ಬ್ಯಾಂಕು ಅಷ್ಟನ್ನೂ ನಿಮ್ಮಿಂದ ಕಿತ್ತುಕೊಳ್ಳುತ್ತೆ. ಅಷ್ಟರಲ್ಲಿ "ಸಾಗಿಸುವವರಿಗೆ" ನೀವು ಕಳಿಸಿದ ನಿಜವಾದ ದುಡ್ಡು ಹೋಗಿಯಾಗಿರುತ್ತೆ.

ಇನ್ನೊಂದು ಜಾತಿಯವರು "ಈ ಸೈಟಿನಿಂದಲೇ ಬೋಟಿನ ಇತಿಹಾಸದ ರಿಪೋರ್ಟ್ ತೆಗೆದು ಕಳಿಸಿ" ಅನ್ನುತ್ತಾರೆ. ಅವರಿಗೆ ಬೇಕಿರುವುದು ನಿಮ್ಮ ಕಾರ್ಡಿನ ನಂಬರ್. ಮತ್ತೊಬ್ಬರು "ನೀವು ನಿಜವಾದ ಮನುಷ್ಯರೇ ಅಂತ ನೋಡೋಕೆ ಒಂದು ಕೋಡ್ ಕಳಿಸಿದ್ದೇನೆ, ಹೇಳಿ" ಅನ್ನುತ್ತಾರೆ. ಹೇಳಿದರೆ ನಿಮ್ಮ ನಂಬರಿನ ಮೇಲೆ ಗೂಗಲ್ ವಾಯ್ಸ್ ಅನ್ನೋ ಫೋನ್ ಸೇವೆಯಲ್ಲಿ ಅವರದೊಂದು ಖಾತೆ ತೆರೆದುಕೊಳ್ಳುತ್ತೆ.

ನಿಜವಾದ ಗಿರಾಕಿಯ ಮಾತೇ ಬೇರೆ ಇರುತ್ತೆ. ಎರಡನೇ ಸುತ್ತಿನಲ್ಲಿ ನನಗೆ ಫೋನ್ ಮಾಡಿದವರು ಡಾಲಸ್‌ನಲ್ಲಿರುವ ಶಿವಮೊಗ್ಗದವರು. "ನಮಸ್ಕಾರ ಸರ್, ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು? ಎರಡೂ ಟೈಟಲ್ ನಿಮ್ಮ ಹೆಸರಲ್ಲೇ ಇದೆಯಾ? ನಾನು ಬರೋ ಮುಂಚೆ ಎಂಜಿನ್ ಸ್ಟಾರ್ಟ್ ಮಾಡ್ಬೇಡಿ, ತಣ್ಣಗಿರೋವಾಗ್ಲೇ ನೋಡ್ಬೇಕು." ಈ ಮೂರು ಮಾತು ಕೇಳಿದ ಕೂಡಲೇ ನನಗೆ ಸಮಾಧಾನವಾಯಿತು. ಬಿಸಿ ಎಂಜಿನ್ನು ಯಾವುದಾದರೂ ಸ್ಟಾರ್ಟ್ ಆಗುತ್ತೆ. ರಾತ್ರಿಯೆಲ್ಲ ತಣ್ಣಗೆ ಮಲಗಿದ್ದು ಮೊದಲ ಸಲಕ್ಕೆ ಏಳುತ್ತಾ ಅನ್ನೋದೇ ಪರೀಕ್ಷೆ.

ನೀರಿಗಿಳಿಸಿ ತೋರಿಸುವುದು

ಮನೆ ಮುಂದೆ ಸ್ಟಾರ್ಟ್ ಮಾಡಿ ತೋರಿಸುವುದಾದರೆ ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಮೋಟಾರಿನ ಒಳಗೆ ನೀರು ಎಳೆಯಲು ಒಂದು ರಬ್ಬರ್ ಚಕ್ರ ಇದೆ. ಅದಕ್ಕೆ ನೀರೇ ಜಾರುಕ. ಒಣಗಿ ತಿರುಗಿದರೆ ಬೇಗನೆ ಸುಟ್ಟುಹೋಗುತ್ತೆ. ಮೋಟಾರಿನ ಕೆಳಭಾಗದ ಎರಡೂ ಬದಿ ನೀರು ಎಳೆಯುವ ತೂತುಗಳ ಮೇಲೆ ಹಾಕುವ ರಬ್ಬರ್ ಬಟ್ಟಲಿಗೆ ತೋಟದ ಪೈಪು ಜೋಡಿಸಿ, ನೀರು ಬಿಟ್ಟು, ಆಮೇಲೆ ಕೀ ತಿರುಗಿಸಿ.

ಕೆರೆಯಲ್ಲಿ ಓಡಿಸಿ ನೋಡಬೇಕು ಅನ್ನುವುದು ಕೊಳ್ಳುವವರ ನ್ಯಾಯವಾದ ಬೇಡಿಕೆ. ಆದರೆ ಬಂದವರಿಗೆಲ್ಲ ಬೋಟ್ ಸವಾರಿ ಕೊಡುತ್ತಾ ಕೂತರೆ ಆಗಲ್ಲ. ಬೆಲೆ ಮಾತಾಗಲಿ, ಸ್ವಲ್ಪ ಮುಂಗಡ ಕೈಗೆ ಬರಲಿ. ಒಂದು ಹಾಳೆಯಲ್ಲಿ ಬರೆಯಿರಿ: ಇಷ್ಟು ಮುಂಗಡ, ಓಡಿಸಿ ನೋಡಿ ಹಿಡಿಸದಿದ್ದರೆ ಪೂರ್ತಿ ವಾಪಸ್, ಹಿಡಿಸಿದರೆ ಇಂಥ ದಿನದೊಳಗೆ ಬಾಕಿ. ಇಬ್ಬರೂ ಸಹಿ ಹಾಕಿ. ಅವರು ಬೋಟು ಪರೀಕ್ಷಿಸುವ ಸರ್ವೇಯರನ್ನು ಕರೆತರುತ್ತೇನೆ ಅಂದರೆ ಸಂತೋಷವಾಗಿ ಒಪ್ಪಿಕೊಳ್ಳಿ, ಆ ಖರ್ಚು ಅವರದು.

ನಿಮ್ಮ ಇನ್ಶೂರೆನ್ಸ್ ಆ ದಿನಕ್ಕೂ ಚಾಲ್ತಿಯಲ್ಲಿರಲಿ. ಇಳಿಸುವುದು, ದಡ ಸೇರಿಸುವುದು ನೀವೇ ಮಾಡಿ. ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಹದಿಮೂರು ವರ್ಷದೊಳಗಿನ ಮಕ್ಕಳು ಓಡುವ ಬೋಟಿನಲ್ಲಿ ಅದನ್ನು ಹಾಕಿಕೊಂಡೇ ಇರಬೇಕು, ಟೆಕ್ಸಾಸ್ ಕಾನೂನು. ಚಾಲಕರ ಮೈಗೆ ಸಿಕ್ಕಿಸುವ ಕಿಲ್ ಸ್ವಿಚ್ಚಿನ ಹಗ್ಗವೂ 2019ರ ಸೆಪ್ಟೆಂಬರ್ 1ರಿಂದ ಇಲ್ಲಿ ಕಡ್ಡಾಯ. ಚಾಲಕರು ನೀರಿಗೆ ಬಿದ್ದರೆ ಆ ಹಗ್ಗ ಕಿತ್ತು ಮೋಟಾರು ನಿಲ್ಲುತ್ತೆ. ಅದಿಲ್ಲದೆ ಖಾಲಿ ಬೋಟು ಗಿರಗಿರ ಸುತ್ತು ಹಾಕಿ ಬಿದ್ದವರ ಮೇಲೇ ಬರುತ್ತೆ. ಎಂಜಿನ್ನು ಒಳಗಿರುವ ಬೋಟಾದರೆ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಹಾಕಿ, ತಳದಲ್ಲಿ ನಿಂತ ಪೆಟ್ರೋಲಿನ ಆವಿ ಹೊರಗೆ ಹೋಗಲಿ.

ವಾಪಸ್ ಬಂದ ಮೇಲೆ ಡ್ರೇನ್ ಪ್ಲಗ್ ಬಿಚ್ಚಿ ನೀರೆಲ್ಲ ಹರಿಸಿ. ಲೇಕ್ ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸಲ್ ಅನ್ನೋ ಸಣ್ಣ ಚಿಪ್ಪಿನ ಹುಳು ಸೇರಿಕೊಂಡಿದೆ. ಅದರ ಮರಿಗಳು ಕಣ್ಣಿಗೆ ಕಾಣಲ್ಲ, ಬೋಟಿನಲ್ಲಿ ಉಳಿದ ಒಂದು ಚೊಂಬು ನೀರಿನಲ್ಲಿ ಇನ್ನೊಂದು ಕೆರೆಗೆ ಹೋಗಿಬಿಡುತ್ತವೆ. ಹೋದ ಕಡೆ ನೀರಿನ ಪೈಪುಗಳನ್ನೆಲ್ಲ ಕಟ್ಟಿ ಹಾಕುತ್ತವೆ. ಅದಕ್ಕೇ 2014ರಿಂದ ರಾಜ್ಯದಾದ್ಯಂತ ನೀರು ಹರಿಸದೆ ರ‍್ಯಾಂಪ್ ಬಿಡುವಂತಿಲ್ಲ. ಬೋಟಿನ ತಳವನ್ನು ಅಂಗೈಯಿಂದ ಸವರಿ ನೋಡಿ. ಉಪ್ಪುಕಾಗದದ ಹಾಗೆ ಒರಟಾಗಿದ್ದರೆ ಮರಿಗಳು ಕಚ್ಚಿಕೊಂಡಿವೆ.

ದುಡ್ಡು ಮತ್ತು ಸಹಿ

ಕ್ರಮ ಇಷ್ಟೇ: ಮೊದಲು ದುಡ್ಡು ನಿಮ್ಮ ಖಾತೆಯಲ್ಲಿ, ಆಮೇಲೆ ಟೈಟಲ್ ಅವರ ಕೈಯಲ್ಲಿ. ಎರಡೂ ಒಂದೇ ಜಾಗದಲ್ಲಿ ನಡೆದರೆ ಯಾರಿಗೂ ಭಯವಿಲ್ಲ. ಆ ಜಾಗ ಕೊಳ್ಳುವವರ ಬ್ಯಾಂಕು. ಕೌಂಟರಿನಲ್ಲಿ ನಿಮ್ಮ ಕಣ್ಣೆದುರೇ ಕ್ಯಾಷಿಯರ್ಸ್ ಚೆಕ್, ಅಂದರೆ ಬ್ಯಾಂಕೇ ತನ್ನ ಹೆಸರಲ್ಲಿ ಬರೆದುಕೊಡುವ ಚೆಕ್, ಅಚ್ಚಾಗಲಿ, ಅಥವಾ ಅಲ್ಲಿಂದಲೇ ನಿಮ್ಮ ಖಾತೆಗೆ ವೈರ್ ವರ್ಗಾವಣೆ ಆಗಲಿ. ಮನೆಗೆ ತಂದ ಚೆಕ್ಕು, ಅದು ಎಷ್ಟೇ ಚೆನ್ನಾಗಿ ಕಾಣಲಿ, ಬೇಡ. ಇನ್ನೂ ಸಾಲ ಇದ್ದರೆ ನಿಮಗೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಸೇರಿ. ಬಾಕಿ ಎಷ್ಟು ಅಂತ ಪತ್ರ ತೆಗೆಸಿ, ಕೊಳ್ಳುವವರು ನೇರ ಬ್ಯಾಂಕಿಗೇ ಕಟ್ಟಲಿ, ಉಳಿದದ್ದು ನಿಮಗೆ.

ನಗದು ತಂದರೂ ಬ್ಯಾಂಕಿನಲ್ಲೇ ಎಣಿಸಿ, ಅಲ್ಲೇ ಜಮಾ ಮಾಡಿ. 10,000 ಡಾಲರ್ ಮೀರಿದ ನಗದು ಜಮಾ ಆದರೆ ಬ್ಯಾಂಕು ಸರ್ಕಾರಕ್ಕೆ ಒಂದು ವರದಿ ಕಳಿಸುತ್ತೆ. ಅದರಿಂದ ನಿಮಗೆ ಏನೂ ತೊಂದರೆ ಇಲ್ಲ. ತೊಂದರೆ ಬರುವುದು ಆ ವರದಿಗೆ ಹೆದರಿ ದುಡ್ಡನ್ನು ಮೂರು ನಾಲ್ಕು ಕಂತು ಮಾಡಿ ಜಮಾ ಮಾಡಿದರೆ. ದುಡ್ಡು ಎಷ್ಟೇ ನ್ಯಾಯವಾದದ್ದಾದರೂ ಹಾಗೆ ಒಡೆಯುವುದೇ ಅಪರಾಧ. ವೀಸಾ ಮೇಲಿರುವವರು ಇದನ್ನು ಖಂಡಿತ ಮರೆಯಬಾರದು.

ಬಿಲ್ ಆಫ್ ಸೇಲ್ ಒಂದು ಹಾಳೆ ಸಾಕು. ದಿನಾಂಕ, ಇಬ್ಬರ ಹೆಸರು ವಿಳಾಸ, ಮೂರೂ ವಸ್ತುಗಳ ನಂಬರು, ಇದ್ದ ಸ್ಥಿತಿಯಲ್ಲಿ ಮಾರಿದ್ದು ಅನ್ನೋ ಸಾಲು, ಗೊತ್ತಿರುವ ದೋಷಗಳು, ಸಹಿ. ಬೆಲೆಯನ್ನು ಮೂರು ಭಾಗ ಮಾಡಿ ಬರೆಯಿರಿ, ಏಕೆಂದರೆ ತೆರಿಗೆ ಕಟ್ಟುವ ಕಚೇರಿ ಎರಡು. ನನ್ನ ಬೋಟು ಒಟ್ಟು 16,000 ಡಾಲರಿಗೆ ಹೋಯಿತು. ಬೋಟು 7,000, ಮೋಟಾರು 7,500, ಟ್ರೇಲರ್ 1,500 ಅಂತ ಬರೆದೆವು. ಟೆಕ್ಸಾಸ್‌ನಲ್ಲಿ ಮೂರಕ್ಕೂ ತೆರಿಗೆ ಶೇ. 6.25. ಬೋಟು ಮೋಟಾರಿನ 906 ಡಾಲರ್ 25 ಸೆಂಟ್ಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ. ಟ್ರೇಲರಿನ 93 ಡಾಲರ್ 75 ಸೆಂಟ್ಸ್ ಕೌಂಟಿ ಟ್ಯಾಕ್ಸ್ ಕಚೇರಿಗೆ. ಒಟ್ಟು ಸರಿಯಾಗಿ 1,000. ಇದನ್ನು ಕಟ್ಟುವುದು ಕೊಳ್ಳುವವರು. ಬೋಟು ಮೋಟಾರಿನದಕ್ಕೆ 45 ಕೆಲಸದ ದಿನಗಳ ಗಡುವು ಇದೆ.

"ಬಿಲ್ಲಿನಲ್ಲಿ ಐದು ಸಾವಿರ ಅಂತ ಬರೆದುಕೊಡಿ, ತೆರಿಗೆ ಉಳಿಯುತ್ತೆ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ ಅನ್ನಿ. ಉಳಿಯುವುದು ಅವರ ದುಡ್ಡು, ಸುಳ್ಳಿನ ಕೆಳಗೆ ಇರುವುದು ನಿಮ್ಮ ಸಹಿ.

ಸಾಧ್ಯವಾದರೆ ಅದೇ ದಿನ ಅವರ ಜೊತೆ ಇಲಾಖೆಯ ಕಚೇರಿಗೆ ಹೋಗಿ ಹೆಸರು ಬದಲಾವಣೆ ಕಣ್ಣಾರೆ ನೋಡಿ ಬನ್ನಿ. ಹೆಸರು ಬದಲಾಗದೆ ಉಳಿದರೆ, ನಾಳೆ ಆ ಬೋಟು ಯಾರಿಗಾದರೂ ಗುದ್ದಿದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಟ್ರೇಲರಿಗೆ 130-ಯು ಅನ್ನೋ ಅರ್ಜಿಗೆ ಇಬ್ಬರೂ ಸಹಿ ಹಾಕಿ.  ಮಾರಿದ ವಿಷಯವನ್ನು 30 ದಿನದೊಳಗೆ ಮೋಟಾರ್ ವೆಹಿಕಲ್ಸ್ ಇಲಾಖೆಗೆ ಆನ್‌ಲೈನಿನಲ್ಲಿ ತಿಳಿಸಿ. ಆಮೇಲೆ ಇನ್ಶೂರೆನ್ಸ್ ರದ್ದು ಮಾಡಿ, ಉಳಿದ ತಿಂಗಳ ದುಡ್ಡು ವಾಪಸ್ ಕೇಳಿ. ಬೋಟಿನ ಜಿಪಿಎಸ್‌ನಲ್ಲಿ ಉಳಿದಿರುವ ನಿಮ್ಮ ಮನೆ, ಮರೀನಾ, ಮೀನು ಸಿಗುವ ಜಾಗ ಎಲ್ಲ ಅಳಿಸಿ.

ಶಿವಮೊಗ್ಗದವರು ಮಗಳನ್ನೂ ಕರೆತಂದಿದ್ದರು. ಸಹಿ, ಕಚೇರಿ ಎಲ್ಲ ಮುಗಿಸಿ ಅವರ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸಿದ ಮೇಲೆ ಅವರನ್ನು ಬೋಟಿನ ಹಿಂದೆ ಕರೆದುಕೊಂಡು ಹೋಗಿ ಪ್ಲಗ್ಗಿನ ತೂತು ತೋರಿಸಿದೆ. ನೀರು ಹರಿಸಲು ಬಿಚ್ಚಿದ ಪ್ಲಗ್ಗನ್ನು ಮತ್ತೆ ಹಾಕದೆ ಹೊಸಬರು ಬೋಟು ಇಳಿಸಿಬಿಡುತ್ತಾರೆ, ಅದು ರ‍್ಯಾಂಪಿನಲ್ಲೇ ನೀರು ತುಂಬಿಕೊಂಡು ಕೂರುತ್ತೆ. ನಾನು ಪ್ಲಗ್ಗನ್ನು ಕೀ ಗೊಂಚಲಿಗೇ ಕಟ್ಟಿದ್ದೆ. ಕೀ ತೆಗೆದರೆ ಪ್ಲಗ್ ಕೈಗೆ ಬರಲೇಬೇಕು. ಆ ಹುಡುಗಿ ಗೊಂಚಲು ಇಸಿದುಕೊಂಡು, "ಅಪ್ಪ, ಇದು ನನ್ನ ಕೆಲಸ" ಅಂದಳು.